ಮೂರನೆಯ ಹಂಡೆಯ ಬಟನ್

ಅಂಗಿಗೆ ಗುಂಡಿ ಹೊಲಿಯುವವಳಲ್ಲ ಅವಳು. ಆದರೂ ಸೋಪಿನ ಕಾರ್ಖಾನೆಯಲ್ಲಿ ಗೇಟಿನವನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಅವಳು ಬಟನಕ್ಕ. ಮೊದಲು ಪ್ಯಾಕಿಂಗ್ ವಿಭಾಗದಲ್ಲಿ ಸೋಪಿಗೆ ಕಾಗದ ಸುತ್ತುತ್ತಿದ್ದಳು. ಆಫೀಸಿನ ಗುಮಾಸ್ತೆ ಬಾಣಂತನಕ್ಕೆ ರಜೆ ಹಾಕಿದಾಗ ಮೂರು ತಿಂಗಳ ಮಟ್ಟಿಗೆ ಅಂತ ಇವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಆ ಗುಮಾಸ್ತೆ ಮರಳಿ ಬರಲಿಲ್ಲ, ಇವಳು ಮರಳಿ ಹೋಗಲಿಲ್ಲ. ಯಾರೂ ಹೇಳಿಕೊಡದೆ, ಒತ್ತಿ ಒತ್ತಿ ನೋಡಿ, ಕೆಡಿಸಿ ಕೆಡಿಸಿ ಸರಿಮಾಡಿ, ಸ್ಪ್ರೆಡ್‌ಶೀಟಿನ ಒಳಹೊರಗನ್ನೆಲ್ಲ ಕಲಿತಳು. ಆಮೇಲೆ ಒಬ್ಬೊಬ್ಬರೇ ಬಂದು, "ಅಕ್ಕಾ, ನನಗೂ ಒಂದು ಬಟನ್ ಮಾಡಿಕೊಡು, ಒಂದು ಸಲ ಒತ್ತಿದ್ರೆ ಕೆಲಸ ಮುಗಿದು ಹೋಗ್ಬೇಕು" ಎಂದು ಗಂಟುಬೀಳತೊಡಗಿದರು. ಇಲ್ಲ ಅನ್ನುವ ಬಾಯಿ ಅವಳಿಗೂ ಇರಲಿಲ್ಲ.

ಬಟನ್ ಮಾಡುವುದೇನು ಮಹಾ! ಅದಕ್ಕೊಂದು ಮುಖ ಹುಡುಕುವುದೇ ತಲೆನೋವು. ಮೆನುವಿನ ಸಾಲಿನಲ್ಲಿ ಬಟನ್ ಕೂತ ಮೇಲೆ ಅದರ ಮೇಲೊಂದು ಪುಟ್ಟ ಚಿತ್ರ ಬೇಡವೇ? ಹೊರಗಿನಿಂದ ಚಿತ್ರ ತಂದು ಅಂಟಿಸುವುದಕ್ಕೆ ಕಂಪನಿಯ ಕಂಪ್ಯೂಟರ್ ಒಪ್ಪದು. ಪ್ರೋಗ್ರಾಮಿನ ಹೊಟ್ಟೆಯೊಳಗೇ ಸಾವಿರಾರು ಐಕಾನ್‌ಗಳಿವೆ, ಅವುಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕು. ಪ್ರತಿಯೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಹೆಸರು ಬರೆದರೆ ಚಿತ್ರ ಬಂದು ಕೂರುತ್ತದೆ, ಆದರೆ ಯಾವ ಹೆಸರಿಗೆ ಯಾವ ಚಿತ್ರ ಬಂದೀತು ಎಂದು ಬರುವವರೆಗೂ ಗೊತ್ತಾಗದು. ಬಟನಕ್ಕ ಇನ್ನೂರು ಪುಟದ ಗೆರೆ ಪುಸ್ತಕವೊಂದನ್ನು ಕೊಂಡು, ಎಡಕ್ಕೆ ಹೆಸರು, ಬಲಕ್ಕೆ ಪೆನ್ಸಿಲಿನಲ್ಲಿ ಚಿತ್ರ ಬರೆದಿಟ್ಟುಕೊಳ್ಳತೊಡಗಿದಳು. ಊಟದ ಬಿಡುವಿನಲ್ಲಿ ಬೇರೆ ಹೆಂಗಸರು ಹರಟೆ ಕೊಚ್ಚುತ್ತಿದ್ದರೆ ಇವಳು ಕತ್ತರಿ, ಬಕೆಟ್ಟು, ಬಾವುಟ, ಭೂತಗನ್ನಡಿ ಎಂದು ಪಟ್ಟಿ ಮಾಡುತ್ತ ಕೂತಿರುತ್ತಿದ್ದಳು.

ಚಿತ್ರ ಅನ್ನುವುದು ಎಂಥ ಮೋಸದ ವಸ್ತು ಅಂತ ಅವಳಿಗೆ ಆಗಲೇ ಗೊತ್ತಾಗಿದ್ದು. ಸ್ಟೋರಿನವನಿಗೆ ಸಾಮಾನು ಹುಡುಕುವ ಬಟನ್ ಮೇಲೆ ದುರ್ಬೀನಿನ ಚಿತ್ರ ಹಾಕಿಕೊಟ್ಟರೆ, "ಏನಮ್ಮಾ, ನನ್ನ ಮೇಲೆ ಪತ್ತೇದಾರಿ ಇಟ್ಟಿದೀಯಾ?" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಗೇಟಿನವನಿಗೆ ಲಾರಿ ಬಂದಾಗ ಒತ್ತಲೆಂದು ಗಂಟೆಯ ಚಿತ್ರ ಹಾಕಿದ್ದಳು. ಅದು ಅವನ ಕಣ್ಣಿಗೆ ಬೋರಲು ಹಾಕಿದ ಲೋಟದ ಹಾಗೆ ಕಂಡಿತು. ಚಹಾ ಬೇಕೆನಿಸಿದಾಗಲೆಲ್ಲ ಒತ್ತಿ ಒತ್ತಿ, ಚಹಾ ಬಾರದೆ, ಆಫೀಸಿನವರಿಗೆ ಜಿಪುಣರೆಂದು ಶಾಪ ಹಾಕುತ್ತಿದ್ದ. ಇಡೀ ಕಾರ್ಖಾನೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಬಟನಕ್ಕನೂ ನಕ್ಕಳು. ಅಂಥದೇ ಒಂದು ಚಿತ್ರ ತನ್ನ ಗಂಡನ ಜೀವಕ್ಕೆ ಕುತ್ತು ತಂದೀತು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಹಂಡೆ ಕೆರೆಯುವವನು. ಹಂಡೆ ಅಂದರೆ ಸ್ನಾನದ ನೀರು ಕಾಯಿಸುವುದಲ್ಲ. ಸೋಪಿನ ಹಿಟ್ಟು ಕಲಸುವ, ಎರಡಾಳೆತ್ತರದ, ಐದು ಕಬ್ಬಿಣದ ಗುಡಾಣಗಳು. ಒಳಗೆ ನಡುವೆ ಒಂದು ಕಂಬ, ಕಂಬಕ್ಕೆ ಕತ್ತಿಯಂಥ ಆರು ರೆಕ್ಕೆ. ಒಂದು ಸುತ್ತು ಕಲಸಿ ಮುಗಿದ ಮೇಲೆ ಗೋಡೆಗೆ ಹಿಡಿದ ಹಿಟ್ಟು ಒಣಗಿ ಕಲ್ಲಾಗುತ್ತದೆ. ಅವನು ಏಣಿ ಇಳಿದು, ರೆಕ್ಕೆಗಳ ಸಂದಿಯಲ್ಲಿ ಬಗ್ಗಿ ನಿಂತು, ಉದ್ದ ಹಿಡಿಯ ಕೆರೆಪಟ್ಟಿಯಿಂದ ಅದನ್ನೆಲ್ಲ ಕೆರೆದು ತೆಗೆಯಬೇಕು. ಅವನು ಒಳಗಿರುವಾಗ ಹೊರಗೆ ಯಾರಾದರೂ ಸ್ವಿಚ್ ತಿರುಗಿಸಿದರೆ, ಆಮೇಲಿನದು ಹೇಳುವಂಥದ್ದಲ್ಲ.

ಹಿಂದೆ ಹಂಡೆಗೆ ಇಳಿಯುವವನು ಅದರ ಫ್ಯೂಜ್ ಕಿತ್ತು ತನ್ನ ಜೇಬಿಗೆ ಹಾಕಿಕೊಂಡೇ ಇಳಿಯುತ್ತಿದ್ದ. ಹಂಡೆಯ ಬಾಯಲ್ಲಿ ಇನ್ನೊಬ್ಬ ಕಾವಲಿಗೆ ನಿಂತಿರುತ್ತಿದ್ದ. ಕಂಪನಿ ಹೊಸ ಪ್ಯಾನೆಲ್ ತರಿಸಿತು. ಫ್ಯೂಜ್ ಹೋಯಿತು, ಮಹಡಿಯ ಮೇಲಿನ ಪ್ಯಾನೆಲ್ ರೂಮಿನಲ್ಲಿ ಐದು ಸ್ವಿಚ್ ಬಂದವು. ಮ್ಯಾನೇಜರು ಬಟನಕ್ಕನನ್ನು ಕರೆದು, ಯಾವ ಹಂಡೆಯಲ್ಲಿ ಜನ ಇದ್ದಾರೆ, ಯಾವುದು ಖಾಲಿ ಎಂದು ತೋರಿಸುವ ಶೀಟ್ ಮಾಡು ಅಂದರು. ಅವಳು ಮಾಡಿದಳು. ಇಳಿಯುವವನು ಅವಳಿಗೆ ಫೋನ್ ಮಾಡಿ ಹೇಳಬೇಕು. ಅವಳು ಗುರುತು ಹಾಕಿದರೆ ಪ್ಯಾನೆಲ್ ರೂಮಿನ ಕಂಪ್ಯೂಟರಿನಲ್ಲಿ ಆ ಹಂಡೆಯ ಸಾಲು ಕೆಂಪಾಗುತ್ತದೆ, ಅವನು ಹೊರಬಂದೆ ಅಂದರೆ ಹಸಿರಾಗುತ್ತದೆ. ಮ್ಯಾನೇಜರಿಗೆ ಅದೆಷ್ಟು ಖುಷಿಯಾಯಿತೆಂದರೆ, "ಶೀಟೇ ಇದೆಯಲ್ಲ, ಇನ್ನು ಕಾವಲಿಗೆ ಆಳ್ಯಾಕೆ?" ಎಂದು ಹಂಡೆಯ ಬಾಯಲ್ಲಿ ನಿಲ್ಲುವವನನ್ನು ಪ್ಯಾಕಿಂಗಿಗೆ ಕಳಿಸಿಬಿಟ್ಟರು. ಬಟನಕ್ಕನಿಗೆ ಆವತ್ತು ಊಟ ಸೇರಲಿಲ್ಲ.

"ಯಾಕೆ ಮುಖ ಹೀಗಿಟ್ಕೊಂಡಿದೀಯ? ಮೇಲೆ ಕೂತಿರೋದು ಯಾರು? ನಮ್ಮ ಭಾವ ತಾನೇ?" ಎಂದ ಗಂಡ.

ಅದೂ ನಿಜವೇ. ಪ್ಯಾನೆಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದವನು ಅವಳ ಗಂಡನ ಅಕ್ಕನ ಗಂಡ. ಅಪ್ಪನಿಲ್ಲದ ಭಾಮೈದನನ್ನು ಹತ್ತು ವರ್ಷದವನಿದ್ದಾಗಲೇ ಮನೆಗೆ ತಂದು ಸಾಕಿದವನು, ಈ ಕೆಲಸ ಕೊಡಿಸಿದವನು, ಮದುವೆ ಮಾಡಿಸಿದವನು. ಭಾವ-ಭಾಮೈದ ಒಬ್ಬರ ಕಾಲನ್ನೊಬ್ಬರು ಎಳೆಯದ ದಿನವಿಲ್ಲ. "ಸೋಪಿನಲ್ಲೇ ಬಿದ್ದಿರ್ತೀಯ, ಆದರೂ ನಿನ್ನ ಮೈ ನಾತ ಹೋಗಲಿಲ್ಲವಲ್ಲೋ" ಎಂದು ಅವನು, "ಕೂತು ಕೂತು ನಿಮ್ಮ ಹೊಟ್ಟೆ ಆರನೇ ಹಂಡೆ ಆಗಿದೆ, ಅದನ್ನೂ ಶೀಟಿಗೆ ಸೇರಿಸೋಣವಾ ಭಾವ?" ಎಂದು ಇವನು. ಬಟನಕ್ಕ ಅವನನ್ನು ಬಾಯಿತುಂಬ ಅಣ್ಣ ಎನ್ನುತ್ತಿದ್ದಳು.

ಶೀಟ್ ಶುರುವಾಗಿ ಮೂರನೆಯ ದಿನ, ಭಾನುವಾರ, ಆ ಅಣ್ಣ ಮಧ್ಯಾಹ್ನ ಅವಳ ಮನೆಗೆ ಬಂದ. ಗಂಡ ಸಂತೆಗೆ ಹೋಗಿದ್ದ. ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತು, ಬಾಗಿಲಿನ ಚೌಕಟ್ಟು ಕೆರೆಯುತ್ತ, ಕೊನೆಗೆ ಬಾಯಿಬಿಟ್ಟ.

"ತಂಗಿ, ಒಂದು ವಿಷಯ. ನಿನ್ನ ಹೊಟ್ಟೆಯಲ್ಲೇ ಇರಲಿ. ನಿನ್ನ ಕೆಂಪು, ನಿನ್ನ ಹಸಿರು, ಎರಡೂ ನನಗೆ ಒಂದೇ. ಹುಟ್ಟಿದಾಗಿನಿಂದ ಹಾಗೇ. ಎರಡೂ ಕೊಳೆ ಬಣ್ಣ."

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಕೆಲಸಕ್ಕೆ ಸೇರುವಾಗಿನ ಕಣ್ಣಿನ ಪರೀಕ್ಷೆಯಲ್ಲಿ ಮುಂದಿನವನು ಹೇಳಿದ್ದನ್ನೇ ಕೇಳಿಸಿಕೊಂಡು ಒಪ್ಪಿಸಿ ಪಾಸಾಗಿದ್ದನಂತೆ. ಹಳೆಯ ಬೋರ್ಡಿನಲ್ಲಿ ಮೇಲಿನ ಬಲ್ಬು ಉರಿದರೆ ಓಡುತ್ತಿದೆ, ಕೆಳಗಿನದಾದರೆ ನಿಂತಿದೆ. ಬಣ್ಣದ ಹಂಗೇ ಇರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಕಂಪನಿಗೆ ಗೊತ್ತಾದರೆ ಆ ಕುರ್ಚಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. "ಇನ್ನು ಆರು ವರ್ಷ. ಆಮೇಲೆ ಮರ್ಯಾದೆಯಿಂದ ಮನೆಗೆ ಹೋಗ್ತೀನಿ. ಏನಾದರೂ ಮಾಡಮ್ಮ" ಎಂದು ಅವನು ಕೈಮುಗಿದ. ಗಂಡನನ್ನು ಸಾಕಿದ ಕೈ ಅದು. ಆಯಿತು ಅಂದಳು. ಅಂದು ಹಾಗೆ ಅಂದದ್ದೇ ತಪ್ಪು, ಮುಂದಿನದೆಲ್ಲ ಅದರ ಬಾಲ.

ಅಕ್ಷರದಲ್ಲಿ ಬರೆಯೋಣವೆಂದರೆ ನಮ್ಮ ಅಕ್ಷರಗಳು ಪ್ಯಾನೆಲ್ ರೂಮಿನ ಆ ಹಳೆಯ ಕಂಪ್ಯೂಟರಿನಲ್ಲಿ ಬರೀ ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಅಣ್ಣನಿಗೆ ಇಂಗ್ಲಿಷ್ ಬಾರದು. ಹಾಗಾಗಿ ಮೆನುವಿನ ಸಾಲಿನಲ್ಲಿ ಹಂಡೆಗೊಂದರಂತೆ ಐದು ಬಟನ್ ಕೂರಿಸಿ, ಒಳಗೆ ಜನ ಇದ್ದರೆ ಒಂದು ಚಿತ್ರ, ಖಾಲಿಯಿದ್ದರೆ ಇನ್ನೊಂದು ಚಿತ್ರ ಬರುವ ಹಾಗೆ ಮಾಡುವುದೆಂದು ಅವಳು ಯೋಚಿಸಿದಳು. ಬಣ್ಣ ಬೇಡ, ಆಕಾರ ಸಾಕು. ಆದರೆ ಯಾವ ಆಕಾರ? ಗೆರೆ ಪುಸ್ತಕ ತೆರೆದು ಕೂತಳು. ಇದು ಗೇಟಿನವನ ಚಹಾ ಅಲ್ಲ, ತಾಳಿ ಕಟ್ಟಿದವನ ಪ್ರಾಣ ಎಂದು ಪ್ರತಿ ಪುಟದಲ್ಲೂ ತನಗೆ ತಾನೇ ಹೇಳಿಕೊಂಡಳು.

ಮೊದಲು ಬೀಗದ ಚಿತ್ರ ತೋರಿಸಿದಳು. "ಇದು ಕಂಡರೆ ಏನು ಮಾಡ್ತೀರಣ್ಣ?"

"ಬೀಗ ಹಾಕಿದಾರೆ ಅಂದ್ರೆ ಎಲ್ಲರೂ ಕೆಲಸ ಮುಗಿಸಿ ಹೋದರು ಅಂತ. ಸ್ವಿಚ್ ಹಾಕ್ತೀನಿ."

 ಅವಳ ಮನಸ್ಸಿನಲ್ಲಿದ್ದದ್ದು, ಬೀಗ ಇದೆ, ಮುಟ್ಟಬೇಡ ಎಂದು. ಮನುಷ್ಯನ ಚಿತ್ರ ತೋರಿಸಿದರೆ, "ಇದು ನಾನಾ, ಅವನಾ?" ಅಂದ. ಅಡ್ಡಗೆರೆಯ ದುಂಡು ತೋರಿಸಿದರೆ ಮಾತ್ರೆ ಅಂದ. ಆಶ್ಚರ್ಯಸೂಚಕ ತೋರಿಸಿದರೆ ಮೊಳೆ ಅಂದ. ಹೀಗೆ ಮೂರು ಭಾನುವಾರ ಹೋಯಿತು. ಅಷ್ಟು ದಿನ ಅವನು ಸ್ವಿಚ್ ಹಾಕುವ ಮೊದಲು ಮಹಡಿಯಿಂದ ಇಳಿದು ಹಂಡೆಗೆ ಬಗ್ಗಿ ನೋಡಿಬರುತ್ತಿದ್ದ. ಕೊನೆಗೆ ನಿಂತದ್ದು ಎರಡು: ಐದು ಬೆರಳು ಅಗಲಿಸಿ ಎತ್ತಿದ ಕೈ, ಮತ್ತು ತೆರೆದ ಬಾಗಿಲು. "ಕೈ ಅಂದ್ರೆ ತಡಿ, ಬಾಗಿಲು ಅಂದ್ರೆ ನಡಿ. ಹಸುಗೂಸಿಗೂ ಗೊತ್ತಾಗುತ್ತೆ" ಎಂದು ಅಣ್ಣ ನಕ್ಕ. ಅವಳು ಹಿಂದುಮುಂದು ಮಾಡಿ ಇಪ್ಪತ್ತು ಸಲ ಕೇಳಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಹೇಳಿದ.

ಎಂಟು ತಿಂಗಳು ಹಾಗೇ ನಡೆಯಿತು. ನಡೆಯಿತು ಅನ್ನುವುದಷ್ಟೇ. "ಮೂರನೇದಕ್ಕೆ ಇಳೀತಿದೀನಿ" ಎಂದು ಗಂಡ ಫೋನ್ ಮಾಡಿದ ಕ್ಷಣದಿಂದ, "ಹತ್ತಿದೆ ಮಾರಾಯ್ತಿ" ಅನ್ನುವವರೆಗೆ ಬಟನಕ್ಕ ಬೇರೆ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ. ಗಂಡನಿಗೆ ವಿಷಯ ಹೇಳಲೂ ಆಗದು, ಹೇಳದಿರಲೂ ಆಗದು; ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ. ಎಷ್ಟೋ ಸಲ ಕಿಟಕಿಯಿಂದ ಅಂಗಳದಾಚೆಯ ಮಹಡಿಯನ್ನು ನೋಡುತ್ತ, ಆ ಕುರ್ಚಿಯಲ್ಲಿ ಕೂತವನಿಗೆ ಒಂದು ಸಲ ತೂಕಡಿಕೆ ಬಂದರೆ, ಒಂದು ಸಲ ಕಣ್ಣಿಗೆ ಕಸ ಬಿದ್ದರೆ ಎಂದೆಲ್ಲ ನೆನೆದು ಸುಮ್ಮಸುಮ್ಮನೆ ಬೆವರುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಅವಳ ಮೆನುವೆಲ್ಲ ಅಪರಿಚಿತವಾಗಿತ್ತು. ಪ್ರೋಗ್ರಾಮ್ ತಾನೇ ತಾನಾಗಿ ಹೊಸದಾಗಿತ್ತು. ಹೆಸರುಗಳು ಹಳೆಯವೇ, ಚಿತ್ರಗಳನ್ನು ಮಾತ್ರ ಹೊಸದಾಗಿ ಬರೆದಿದ್ದರು. ಮುಂಚಿನ ದಪ್ಪ ಕತ್ತರಿ, ಗುಂಡಗಿನ ಬಕೆಟ್ಟು ಹೋಗಿ ಎಲ್ಲವೂ ಕೂದಲೆಳೆಯ ಗೆರೆಗಳಾಗಿದ್ದವು. ಅವಳು ಹಂಡೆಯ ಶೀಟ್ ತೆರೆದಳು. ಅಗಲಿಸಿದ್ದ ಬೆರಳುಗಳನ್ನು ಯಾರೋ ಒತ್ತಿ ಕೂಡಿಸಿದ್ದರು. ಕೈ ಈಗ ನೆಟ್ಟಗೆ ನಿಂತ ಒಂದು ಉದ್ದನೆಯ ಗೆರೆಚೌಕ. ಬಾಗಿಲು ಮುಚ್ಚಿಕೊಂಡಿತ್ತು, ಅದೂ ನೆಟ್ಟಗೆ ನಿಂತ ಒಂದು ಉದ್ದನೆಯ ಗೆರೆಚೌಕ. ಉಗುರಿನಷ್ಟಗಲದ ಬಟನ್ ಮೇಲೆ ಅಕ್ಕ ತಂಗಿಯರ ಹಾಗೆ ನಿಂತಿದ್ದವು. ಅವಳಿಗೇ ಬಗ್ಗಿ ನೋಡಬೇಕಾಯಿತು.

ಪ್ಯಾನೆಲ್ ರೂಮಿನ ಕಂಪ್ಯೂಟರ್ ಹಳೆಯದು. ಅದಕ್ಕೆ ಇನ್ನೂ ಈ ಹೊಸದು ಬಂದಿರಲಿಲ್ಲ. ಅವಳು ನೇರ ಮ್ಯಾನೇಜರ ಹತ್ತಿರ ಹೋದಳು.

"ಸಾರ್, ಪ್ಯಾನೆಲ್ ರೂಮಿನದು ಹಾಗೇ ಇರಲಿ. ಹೊಸದು ಹಾಕಿಸಬೇಡಿ."

"ಗುರುವಾರ ರಿಪೇರಿಯವನು ಬರ್ತಿದಾನೆ, ಎಲ್ಲಾದಕ್ಕೂ ಹಾಕಿಸ್ತಿದೀನಿ. ಯಾಕಮ್ಮ, ಏನು ತೊಂದರೆ?"

"ಚಿತ್ರಗಳು ಬದಲಾಗುತ್ತೆ ಸಾರ್."

"ಬದಲಾದ್ರೆ ಏನು? ಕೆಂಪು ಕೆಂಪಾಗೇ ಇರುತ್ತೆ, ಹಸಿರು ಹಸಿರಾಗೇ ಇರುತ್ತೆ. ಚಿತ್ರ ನೀನು ಅಲಂಕಾರಕ್ಕೆ ಹಾಕಿದ್ದು ತಾನೇ?"

ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಮುಗಿದ ಆ ಎರಡು ಕೈ ಕಣ್ಣಮುಂದೆ ಬಂತು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ಅಲ್ಲ ಸಾರ್, ಅಭ್ಯಾಸ ಆಗಿರುತ್ತಲ್ಲ ಅಂತ" ಎಂದು ಏನೋ ಗೊಣಗಿ ಹೊರಬಂದಳು. ಸರಿ, ಗುರುವಾರಕ್ಕೆ ಮೂರು ದಿನ ಇದೆ, ಅಷ್ಟರೊಳಗೆ ಹೊಸ ಜೋಡಿ ಹುಡುಕಿದರಾಯಿತು. ಅವತ್ತು ಸಂಜೆಯೊಳಗೆ ಹುಡುಕಿಯೂ ಬಿಟ್ಟಳು: ಅಡ್ಡಡ್ಡ ಮಲಗಿದ ಒಂದು ಬಾಣ, ನಾಲ್ಕು ಮೂಲೆಯ ಒಂದು ನಕ್ಷತ್ರ. ಕುರುಡನೂ ಬೆರಳಲ್ಲಿ ಸವರಿ ಹೇಳಬಹುದಾದ ವ್ಯತ್ಯಾಸ. ಕೆಲಸ ಬಿಟ್ಟ ಮೇಲೆ ಗೇಟಿನ ಹತ್ತಿರ ಅಣ್ಣನನ್ನು ಪಕ್ಕಕ್ಕೆ ಕರೆದು ಕಾಗದ ತೋರಿಸಿದಳು. ಅವನಿಗೆ ರೇಗಿತು.

"ಮತ್ತೆ ಪರೀಕ್ಷೆನಾ? ಜನ ನೋಡ್ತಿದಾರೆ, ಒಳಗಿಡಮ್ಮ. ಗುರುವಾರ ತಾನೇ? ನಾಳೆ ಮನೆಗೆ ಬಂದು ನೋಡ್ತೀನಿ."

ನಾಳೆ ಅಂದರೆ ಹಾಳು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಅವಳೂ ಬಲವಂತ ಮಾಡಲಿಲ್ಲ.

ಮಂಗಳವಾರ ಹನ್ನೊಂದು ಗಂಟೆಗೆ ಗಂಡನ ಫೋನ್ ಬಂತು: ಮೂರನೆಯದಕ್ಕೆ ಇಳಿಯುತ್ತಿದ್ದೇನೆ, ಹಿಟ್ಟು ಗಟ್ಟಿಯಾಗಿದೆ, ಹೊತ್ತಾಗುತ್ತದೆ. ಅವಳು ಗುರುತು ಹಾಕಿದಳು, ಸಾಲು ಕೆಂಪಾಯಿತು. ಮುಕ್ಕಾಲು ಗಂಟೆಯ ಮೇಲೆ ಆಫೀಸಿನ ಬಾಗಿಲಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಕಂಪ್ಯೂಟರ್ ರಿಪೇರಿಯವನು ಕಾಣಿಸಿಕೊಂಡ.

"ಅಕ್ಕಾ, ಇಲ್ಲೊಂದು ಸೈನ್ ಹಾಕಿ. ಪ್ಯಾನೆಲ್ ರೂಮಿನದು ಮುಗೀತು."

"ನೀವು ಬರೋದು ಗುರುವಾರ ಅಲ್ವಾ?"

"ಗುರುವಾರ ನನಗೆ ರಜೆ ಬೇಕಿತ್ತು, ಇವತ್ತೇ ಬಂದುಬಿಟ್ಟೆ. ಹೊಸದೆಲ್ಲ ಹಾಕಿದೀನಿ, ಈಗ ಕನ್ನಡಿ ಥರ ಇದೆ ನೋಡಿ."

ಅವಳು ಫೋನ್ ಎತ್ತಿದಳು. ಪ್ಯಾನೆಲ್ ರೂಮಿನ ಲೈನು ಬಿಜಿ. ಮತ್ತೆ ಒತ್ತಿದಳು, ಬಿಜಿ. ಫೋನು ಅಲ್ಲೇ ಬಿಸಾಕಿ ಓಡಿದಳು. ಆಫೀಸಿನ ಮೆಟ್ಟಿಲು, ಡ್ರಮ್ಮುಗಳ ಸಾಲು, ಕೊಳಚೆ ನೀರಿನ ಕಾಲುವೆ. ಒಂದು ಚಪ್ಪಲಿ ಕಾಲುವೆಯ ಹತ್ತಿರ ಕಳಚಿತು. ಅಂಗಳದ ನಡುವೆ ಬಂದಿದ್ದಳಷ್ಟೇ, ಬರಿಗಾಲಿನ ಕೆಳಗೆ ನೆಲ ಗುಡುಗಿತು. ಐದು ಹಂಡೆಯ ಐದು ದನಿಯೂ ಅವಳಿಗೆ ಗೊತ್ತು. ಇದು ಮೂರನೆಯದು. ಮೊದಲು ಒಂದು ನರಳಿಕೆ, ಆಮೇಲೆ ರೆಕ್ಕೆ ವೇಗ ಹಿಡಿದು ಒಂದೇ ಸಮನೆ ಗರಗರ.

  ಅವಳು ಅಂಗಳದಲ್ಲೇ ಕುಸಿದು ಕೂತಳು. ಮುಗೀತು, ನಾನೇ ಕೊಂದೆ, ನನ್ನ ಕೈಯಾರೆ ಕೊಂದೆ ಅನ್ನುವುದೊಂದೇ ತಲೆಯೊಳಗೆ ತಿರುಗುತ್ತಿತ್ತು. ಹಾಗೆ ಎಷ್ಟು ಹೊತ್ತು ಕೂತಿದ್ದಳೋ, ನಾಲ್ಕು ಉಸಿರಿನಷ್ಟೋ ಐದು ಉಸಿರಿನಷ್ಟೋ, ಅವಳಿಗೆ ಗೊತ್ತಿಲ್ಲ.

"ಏನೇ ಇದು, ನಡು ಅಂಗಳದಲ್ಲಿ ಕೂತಿದೀಯ? ಬಿದ್ದೆಯಾ?"

ತಲೆಯೆತ್ತಿದಳು. ಸ್ಟೋರಿನ ಬಾಗಿಲಿನಿಂದ ಗಂಡ ಬರುತ್ತಿದ್ದ. ಮೈಯೆಲ್ಲ ಬಿಳಿ ಹಿಟ್ಟು, ಹೆಗಲ ಮೇಲೆ ಹೊಸ ಕೆರೆಪಟ್ಟಿ. ಹಳೆಯದರ ಹಿಡಿ ಮುರಿಯಿತಂತೆ. ಎರಡೇ ನಿಮಿಷದ ಕೆಲಸಕ್ಕೆ ಫೋನ್ ಯಾಕೆಂದು, ಹೇಳದೆ ಹತ್ತಿಬಂದಿದ್ದನಂತೆ. ಅವಳು ಅವನನ್ನು ನೋಡಿಯೇ ನೋಡಿದಳು. ಅಷ್ಟರಲ್ಲಿ ಅವನಿಗೂ ಆ ಗರಗರ ಕೇಳಿಸಿತು. 

"ಅರೆ, ಮೂರನೇದು ಯಾಕೆ ತಿರುಗ್ತಿದೆ? ನಾನು ಹತ್ತಿದೆ ಅಂತ ಯಾರು ಹೇಳಿದ್ದು?" ಅವನು ಮಹಡಿಯ ಕಡೆ ನೋಡಿದ. ಕೆರೆಪಟ್ಟಿ ಹಿಡಿದ ಕೈ ಬಿಗಿಯಾದದ್ದನ್ನು ಅವಳು ಕಂಡಳು. ಅವನ ಸಿಟ್ಟು ಅವಳಿಗೆ ಗೊತ್ತು. ಬೆಂಕಿ, ಹತ್ತಿದರೆ ಹಿಂದುಮುಂದು ನೋಡುವುದಲ್ಲ.

"ನಾನೇ," ಎಂದಳು. ಎಲ್ಲಿಂದ ಬಂತೋ ಆ ಸುಳ್ಳು. "ನೀನು ಸ್ಟೋರಿಗೆ ಹೋಗೋದು ಕಿಟಕಿಯಿಂದ ಕಾಣಿಸ್ತು. ಮುಗೀತು ಅಂದ್ಕೊಂಡು ಖಾಲಿ ಅಂತ ಹಾಕಿಬಿಟ್ಟೆ."

ಅವನು ಅವಳನ್ನೇ ದುರುಗುಟ್ಟಿ ನೋಡಿದ. "ಬುದ್ಧಿ ಇದೆಯೇನೇ ನಿನಗೆ? ಅರ್ಧ ಹಾಗೇ ಇದೆ ಒಳಗೆ! ನಾನೆಲ್ಲಾದರೂ ಒಂದು ಹೆಜ್ಜೆ ಮುಂಚೆ ಇಳಿದಿದ್ರೆ? ಗಂಡನ ತಿಥಿ ಮಾಡಿ ಕೂರ್ತಿದ್ದೆ!" ಎಂದು ನಾಲ್ಕು ಜನರೆದುರು ಬೈದು, "ಹೋಗು, ನಿಲ್ಲಿಸೋಕೆ ಹೇಳು ಭಾವನಿಗೆ" ಎಂದು ಕಳಿಸಿದ. ಅವನು ಬೈಯುತ್ತಿದ್ದರೆ ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಬೈಯಲು ಅವನಿಗೆ ಬಾಯಿ ಉಳಿದಿತ್ತಲ್ಲ.

ಮಹಡಿಯ ಮೇಲೆ ಅಣ್ಣ ಯಾರೊಂದಿಗೋ ಫೋನಿನಲ್ಲಿ ಮಾತಾಡಿ ಆಗತಾನೇ ಕೆಳಗಿಡುತ್ತಿದ್ದ. ಕಲಸುವುದು ತಡವಾಗುತ್ತಿದೆ ಎಂದು ಪ್ಯಾಕಿಂಗಿನವರು ಅವಸರ ಮಾಡುತ್ತಿದ್ದರಂತೆ. ಅವಳು ಹಿಂದುಮುಂದು ನೋಡದೆ ತಾನೇ ಮೂರನೆಯ ಸ್ವಿಚ್ ಆರಿಸಿದಳು. ಆಮೇಲೆ ಪರದೆಯ ಮೇಲೆ ಬೆರಳಿಟ್ಟಳು.

"ಇದೇನಣ್ಣ?"

"ಬಾಗಿಲು."

"ಅದು ಕೈ, ಅಣ್ಣ."

ಅವನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಬಟನ್ನಿನ ಕೆಳಗೆ ಮೂರನೆಯ ಸಾಲು ಆ ತುದಿಯಿಂದ ಈ ತುದಿಯವರೆಗೆ ರಕ್ತದ ಹಾಗೆ ಕೆಂಪಗಿತ್ತು. ಬೀದಿಯಲ್ಲಿ ಹೋಗುವ ಯಾರನ್ನು ಕರೆದು ತೋರಿಸಿದರೂ ಹೇಳುತ್ತಿದ್ದರು. 

"ಬೆಳಿಗ್ಗೆ ಚಿತ್ರಗಳು ಸಣಕಲಾದವು. ಕೇಳೋಣ ಅಂದ್ರೆ ರಿಪೇರಿಯವನು ಪಕ್ಕದಲ್ಲೇ ಕೂತಿದ್ದ. ಯಾಕೆ, ಕಾಣಲ್ವಾ ನಿಮಗೆ ಅಂತ ಅವನು ಕೇಳಿದ್ರೆ? ಅದಕ್ಕೇ ಸುಮ್ಮನಿದ್ದೆ. ಬಾಗಿಲೇ ಇರಬೇಕು ಅಂತ…" ಅವನು ಥಟ್ಟನೆ ಎದ್ದು ನಿಂತ. "ಅವನು? ಅವನೆಲ್ಲಿ?"

"ಹಿಡಿ ಮುರೀತು ಅಂತ ಹೊರಗೆ ಬಂದಿದ್ದ. ಅಷ್ಟೇ. ಅದೊಂದಕ್ಕೇ ಉಳಿದ."

ದೊಡ್ಡ ಮನುಷ್ಯ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವಳ ಕಾಲು ಹಿಡಿಯಲು ಬಗ್ಗಿದ. ಅವಳು ಹಿಂದೆ ಸರಿದಳು. "ಅವನಿಗೆ ಹೇಳಬೇಡ ತಂಗಿ. ನಾನು ಅವನ ಮೇಲೆ ಸ್ವಿಚ್ ಹಾಕಿದೆ ಅಂತ ಅವನಿಗೆ ಯಾವತ್ತೂ ಗೊತ್ತಾಗಬಾರದು. ಆಣೆ ಮಾಡು." ಅವಳು ಆಣೆ ಮಾಡಿದಳು. "ಮತ್ತೆ ಆ ಬಾಣ, ಆ ನಕ್ಷತ್ರ, ಎಲ್ಲಿ ಕೊಡು, ಈಗಲೇ ಕಲೀತೀನಿ. ಇನ್ನು ಯಾವತ್ತೂ ಹೀಗಾಗಲ್ಲ" ಎಂದ. ಅವಳು ಕಾಗದ ಕೊಡದೆ ಮೆಟ್ಟಿಲಿಳಿದಳು.

ಅವತ್ತು ಸ್ನಾನ ಮಾಡಿ ಬಂದ ಗಂಡನ ಬೆನ್ನಿಗೆ ಹಿಟ್ಟಿನ ಬೊಕ್ಕೆ ಎದ್ದಿತ್ತು ಎಂದು ಎಣ್ಣೆ ಹಚ್ಚಿದಳು. ಹೊಸ ಬಾಣ ಹೊಸ ನಕ್ಷತ್ರ ಹಾಕಬಹುದು. ಇನ್ನಾರು ತಿಂಗಳಿಗೋ ವರ್ಷಕ್ಕೋ ಎಲ್ಲೋ ಕೂತ ಯಾವನೋ ಪುಣ್ಯಾತ್ಮ ಮತ್ತೆ ಎಲ್ಲವನ್ನೂ ಹೊಸದಾಗಿ ಬರೆಯುತ್ತಾನೆ. ಆ ಚಿತ್ರಗಳು ತನ್ನವಲ್ಲ, ತನ್ನ ಮಾತು ಕೇಳುವುದೂ ಇಲ್ಲ. ಅಣ್ಣ ಕೇಳಲು ನಾಚಿ ಮತ್ತೆ ಸುಮ್ಮನಿರುತ್ತಾನೆ. ಬೆನ್ನಿನ ಮೇಲೆ ಅವಳ ಕೈ ನಿಂತುಹೋಗಿತ್ತು. "ಏನು, ನಿದ್ದೆನಾ?" ಎಂದ ಅವನು.

ಮರುದಿನ ಬೆಳಿಗ್ಗೆ ಮ್ಯಾನೇಜರು ಚೀಲ ಕೆಳಗಿಡುವ ಮೊದಲೇ ಅವರ ಬಾಗಿಲಲ್ಲಿ ನಿಂತಳು. ಪ್ಯಾನೆಲ್ ರೂಮಿನವರಿಗೆ ಕೆಂಪು ಹಸಿರು ಕಾಣುವುದಿಲ್ಲ ಎಂದು ಹೇಳಿದಳು. ಎಂಟು ತಿಂಗಳಿಂದ ತನಗೆ ಗೊತ್ತಿತ್ತು ಎಂದೂ ಹೇಳಿದಳು. ಮೂರನೆಯ ಹಂಡೆಯ ಮಾತು ಎತ್ತಲಿಲ್ಲ. ಹಂಡೆಯ ಬಾಯಿಗೆ ಮತ್ತೆ ಕಾವಲಿನ ಆಳು ಕೊಡಿ ಎಂದು ಬೇಡಿಕೊಂಡಳು. ಅದಕ್ಕೆ ಅವರು, "ನೋಡೋಣ" ಅಂದರು.

ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದ ದಿನವೇ ಅಣ್ಣನನ್ನು ಆ ಕುರ್ಚಿಯಿಂದ ಎಬ್ಬಿಸಿದರು. ಗೇಟಿನಲ್ಲಿ ನಿಂತು ಲಾರಿಗಳ ನಂಬರು ಬರೆಯುವ ಕೆಲಸ ಕೊಟ್ಟರು. ಯಾರು ಹೇಳಿದ್ದು ಅನ್ನುವುದು ಮಧ್ಯಾಹ್ನದೊಳಗೆ ಇಡೀ ಕಾರ್ಖಾನೆಗೆ ಗೊತ್ತಾಯಿತು. ಗಂಡ ಮನೆಗೆ ಬಂದು ಒಂದೇ ಮಾತು ಕೇಳಿದ: "ನಿಜಾನಾ?" ಹೌದು ಅಂದಳು. 

ಭಾನುವಾರ ಅವನೇ ಅಕ್ಕ ಭಾವನನ್ನು ಊಟಕ್ಕೆ ಕರೆದ. ಎಲ್ಲರೆದುರು ಅವಳು ಕ್ಷಮೆ ಕೇಳಬೇಕು ಅಂದ. ಅವಳು ಬೆಳಿಗ್ಗೆಯಿಂದ ಅಡುಗೆ ಮಾಡಿ, ಸಾಲಾಗಿ ತಟ್ಟೆ ಇಟ್ಟು ಬಡಿಸಿದಳು. ಅತ್ತಿಗೆ ತಟ್ಟೆಗೆ ಕೈ ಹಚ್ಚಲಿಲ್ಲ.

"ಇವನಿಗೆ ತುತ್ತು ಹಾಕಿ ಬೆಳೆಸಿದ ಮನೆ ಕಣೇ ಅದು. ಹತ್ತೊಂಬತ್ತು ವರ್ಷ ಕುರ್ಚಿಯಲ್ಲಿ ಕೂತವರು, ಈಗ ಬಿಸಿಲಲ್ಲಿ ನಿಂತು ಡ್ರೈವರುಗಳ ಹತ್ತಿರ ಬೈಸಿಕೊಳ್ತಾರೆ. ಅಣ್ಣ ಅಣ್ಣ ಅಂತಿದ್ದೆಯಲ್ಲ, ಮನೆಮುರುಕಿ! ನಿನಗೇನು ಮಾಡಿದ್ದರು ಅವರು?"

ಬಟನಕ್ಕ ನೀರಿನ ಚೊಂಬು ಹಿಡಿದು ನಿಂತಿದ್ದಳು. ಅಣ್ಣ ತಟ್ಟೆಯಲ್ಲೇ ಕಣ್ಣಿಟ್ಟಿದ್ದ.

"ಬಣ್ಣ ಕಾಣಲ್ಲವಂತೆ, ಬಣ್ಣ!" ಎಂದ ಗಂಡ. "ಕಾಣದಿದ್ರೆ ಏನಾಯ್ತು? ಇಷ್ಟು ವರ್ಷ ಆ ಹಂಡೆಗೆ ಇಳಿದವನು ನಾನು. ತಪ್ಪು ಮಾಡಿದ್ದು ಇವಳು. ಅವತ್ತು ಮೂರನೇದನ್ನ ಅರ್ಧಕ್ಕೆ ಓಡಿಸಿದೋಳು ಇವಳು! ನೀವೇ ಹೇಳಿ ಭಾವ, ಎಲ್ಲರೂ ಕೇಳಲಿ. ಒಂದು ಸಲ, ಒಂದೇ ಒಂದು ಸಲ, ನೀವು ತಪ್ಪು ಸ್ವಿಚ್ ಹಾಕಿದ್ದು ಇದೆಯಾ?"

ಅಣ್ಣ ತಲೆಯೆತ್ತಿದ. ಮೊದಲು ಹೆಂಡತಿಯನ್ನು ನೋಡಿದ, ಭಾಮೈದನನ್ನು ನೋಡಿದ, ಕೊನೆಗೆ ಚೊಂಬು ಹಿಡಿದು ನಿಂತವಳನ್ನು ನೋಡಿದ. ಅವಳು ಕಣ್ಣು ಕೆಳಗೆ ಹಾಕಲಿಲ್ಲ.

"ಇಲ್ಲ," ಎಂದ ಅವನು.

"ಕೇಳಿಸ್ತಾ?" ಎಂದ ಗಂಡ ಅವಳ ಕಡೆ ತಿರುಗಿ.

"ಕೇಳಿಸ್ತು," ಎಂದಳು. ಅವನ ತಟ್ಟೆ ಬರಿದಾಗಿತ್ತು. ಚೊಂಬು ಕೆಳಗಿಟ್ಟು, ಅವನು ಬೇಡವೆನ್ನುವ ಮೊದಲೇ ಇನ್ನೊಂದು ಸೌಟು ಬಡಿಸಿದಳು.